ಚಿಕ್ಕತಾಯಮ್ಮ

ಹಗಲೆಲ್ಲ ಕಾರ್ಖಾನೆಯಲ್ಲಿ ಕಬ್ಬಿನ ಹಾಲಿನ ಬ್ರಿಕ್ಸ್ ಅಳೆದು
ರಾತ್ರಿ ಮನೆಗೆ ಬಂದು ಉಪ್ಪು ಅಳೆಯುತ್ತೇನೆ.
ಒಂದು ಪಾಯಿಂಟ್ ಸೊನ್ನೆ ಎರಡು ಐದು.
ಕೂದಲೆಳೆ ಆಚೀಚೆ ಆದರೂ
ಮಂಡ್ಯದ ಗುತ್ತಲು ರಸ್ತೆಯ ಈ ಎರಡನೇ ಮಹಡಿಯಲ್ಲಿ
ಸಮುದ್ರ ನಿಲ್ಲುವುದಿಲ್ಲ.

ತಂದದ್ದು ಮೈಸೂರಿನಿಂದ, ಕೆಂಪು ಬಸ್ಸಿನಲ್ಲಿ,
ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲ, ಸುತ್ತಲೂ ಹಳೇ ಪೇಪರು.
ಶ್ರೀರಂಗಪಟ್ಟಣದ ಸೇತುವೆಯ ಮೇಲೆ
ಯಾರೋ ಕಿಟಕಿಯಿಂದ ಚಿಲ್ಲರೆ ಎಸೆದು ಕಾವೇರಿಗೆ ಕೈಮುಗಿದರು.
ನನ್ನ ತೊಡೆಯ ಮೇಲಿನ ಬೊಗಸೆ ಸಮುದ್ರ
ಒಂದು ಸಲ ತುಳುಕಿತು.
ಪಕ್ಕದ ಸೀಟಿನ ಅಜ್ಜಿ ಕೇಳಿದಳು: "ತಿನ್ನಾಕಾ?"
"ಅಲ್ಲ, ಸಾಕಾಕೆ."
"ಏನ್ ಮಾಡ್ತದೆ?"
ಹೇಳಹೊರಟೆ: ಬೆನ್ನ ಮೇಲೆ ಹದಿಮೂರು ಮುಳ್ಳು,
ಮುಳ್ಳಿನ ಸೀಳಲ್ಲಿ ವಿಷ...
"ಸುಮ್ನೆ ಕೂತಿರ್ತದೆ," ಅಂದೆ.

ನಿಜವೇ. ಹಗಲಿಡೀ ಕಲ್ಲಿನ ಮಗ್ಗುಲಲ್ಲಿ ಕೂತಿರುತ್ತದೆ,
ಬೆರಳುದ್ದ, ಇಟ್ಟಿಗೆ ಬಣ್ಣ, ಮೈತುಂಬ ಪಟ್ಟೆ.
ತೇಜಾವತಿ ಅದಕ್ಕೆ ತನ್ನ ಸೋದರತ್ತೆಯ ಹೆಸರಿಟ್ಟಳು.
"ಚಿಕ್ಕತಾಯಮ್ಮನೂ ಹಿಂಗೇ. ಎಲೆ ಹಾಕೋಗಂಟ ಅಲುಗ್ತಿರ್ಲಿಲ್ಲ."

ಸತ್ತದ್ದನ್ನು ಮುಟ್ಟದು.
ಮೊದಲ ಹದಿನೇಳು ದಿನ ನಾಲೆಯಿಂದ ಮರಿಮೀನು ತಂದು
ಕೈಯಾರೆ ಬಿಟ್ಟೆ.
ಎರಡೂ ರೆಕ್ಕೆ ಬೀಸಣಿಗೆಯಾಗಿ ಬಿಚ್ಚಿ
ಮರಿಯನ್ನು ಮೂಲೆಗೆ ಒತ್ತುತ್ತ, ಒತ್ತುತ್ತ,
ಅವಸರವೇ ಇಲ್ಲ,
ಆಮೇಲೆ ಮರಿ ಇಲ್ಲ.
ಬಾಯಿ ತೆರೆದದ್ದನ್ನು ಇವತ್ತಿನವರೆಗೂ ನಾನು ಕಂಡಿಲ್ಲ.
ಈಗ ಸೀಗಡಿ ಚೂರನ್ನು ಪೊರಕೆಕಡ್ಡಿಗೆ ಸಿಕ್ಕಿಸಿ
ಗಾಜಿನ ಮುಂದೆ ಕುಣಿಸುತ್ತೇನೆ, ಜೀವ ಇದ್ದ ಹಾಗೆ.
ಅದಕ್ಕೂ ಗೊತ್ತು, ನನಗೂ ಗೊತ್ತು.
ಇಬ್ಬರೂ ಬಾಯಿ ಬಿಡುವುದಿಲ್ಲ.

ಆಷಾಢದ ಒಂದು ಸಂಜೆ ಕರೆಂಟು ಹೋಯಿತು.
ಪಂಪು ನಿಂತು, ನೀರು ಉಸಿರು ಕಟ್ಟೀತೆಂದು
ಕತ್ತಲಲ್ಲೇ ಲೋಟದಿಂದ ಮೊಗೆದೆ, ಸುರಿದೆ, ಮೊಗೆದೆ.
ಎಣಿಕೆ ಮುನ್ನೂರು ದಾಟಿರಬೇಕು.
ಉಂಗುರದ ಬೆರಳು.
ಕಾದ ಕಾಕಂಬಿ ಮೊಣಕೈವರೆಗೆ ಹರಿಯಿತು,
ಹರಿದು ಅಲ್ಲೇ ನಿಂತಿತು.

ತೇಜಾವತಿ ಕೂಗಾಡಲಿಲ್ಲ.
ಫ್ಲಾಸ್ಕಿನ ನೀರನ್ನು ಪಾತ್ರೆಗೆ ಬಗ್ಗಿಸಿ,
ಕೂಸಿನ ಸ್ನಾನಕ್ಕೆ ಹದ ನೋಡುವವಳಂತೆ ಮೊಣಕೈ ಅದ್ದಿ,
ನನ್ನ ಕೈ ಹಿಡಿದು ಮುಳುಗಿಸಿದಳು.
ಬಿಸಿಗೆ ಆ ವಿಷ ಮುರಿಯುತ್ತದೆಂದು
ನಾನೇ ಎಂದೋ ಓದಿ ಹೇಳಿದ್ದೆ, ಹೇಳಿ ಮರೆತಿದ್ದೆ.
ಎಂಟು ತಿಂಗಳಿಂದ ದಿನಾ ಬೆಳಿಗ್ಗೆ ಆ ಫ್ಲಾಸ್ಕು ತುಂಬುತ್ತಿತ್ತು.
ಕಾಫಿ ಇರಬೇಕು ಅಂದುಕೊಂಡಿದ್ದೆ.

ಆಸ್ಪತ್ರೆಯ ಹುಡುಗ ಡಾಕ್ಟರು
"ಸಮುದ್ರದ ಮೀನು? ಮಂಡ್ಯದಲ್ಲಿ?" ಎಂದು
ಎರಡು ಸಲ ಕೇಳಿ ಬರೆದುಕೊಂಡರು.
"ಕಚ್ಚಿತಾ?"
ಇಲ್ಲ ಸಾರ್. ಅದು ಇದ್ದಲ್ಲೇ ಇತ್ತು.

ಮರುದಿನ ಏಳೂವರೆಗೆ
ಬಲಗೈ ಬನ್ನಿನಂತೆ ಊದಿತ್ತು, ಎಡಗೈಯಲ್ಲಿ ಕಡ್ಡಿ ಹಿಡಿದೆ.
ಕುಣಿತ ಸೊಟ್ಟ ಬಂತು.
ಚಿಕ್ಕತಾಯಮ್ಮ ಕಲ್ಲು ಬಿಟ್ಟು ಮುಂದೆ ಬಂದಳು,
ರೆಕ್ಕೆ ಬಿಚ್ಚಿದಳು,
ತಾಳ ಸರಿಹೋಗಲೆಂದು ಕಾದಳು.