ಕಾಚಂಪುಳಿಗೆ ಇಪ್ಪತ್ತು ಸಾವಿರ

ರಾತ್ರಿ ನೆಟ್ಟಗೆ ನಿಲ್ಲಿಸಿದ್ದು
ಬೆಳಿಗ್ಗೆ ಎಡಕ್ಕೆ ಕುಸಿದು ಕೂತಿರುತ್ತದೆ
ಕಾಫಿ ಕಣದ ಮೂಲೆಯಲ್ಲಿ,
ಮದುವೆಮನೆಯಲ್ಲಿ ಕುಡಿದು ಒರಗಿದ ಮಾವನ ಹಾಗೆ.
ಕೀಲಿ ತಿರುಗಿಸಿದರೆ ಒಂದು ನಿಟ್ಟುಸಿರು,
ಕಂಪ್ರೆಸರಿನ ಗೊರಗೊರ,
ಮೆಲ್ಲಗೆ ಏಳುತ್ತದೆ, ಮೊದಲು ಮುಂದು, ಆಮೇಲೆ ಹಿಂದು.
ಆ ಎಡ ಹಿಂಗಾಲು ಮಾತ್ರ
ಯೋಚಿಸಿ ಏಳುತ್ತದೆ.

ಕರಿಮೆಣಸು ಕಿಲೋಗೆ ಏಳುನೂರು ಮುಟ್ಟಿದ ವರ್ಷ ಕೊಂಡದ್ದು.
ನಾನೇ ಕೊಂಡದ್ದು. ಸಹಿ ನನ್ನದು, ಚೆಕ್ಕೂ ನನ್ನದು.
ಅಮ್ಮತ್ತಿಯಲ್ಲಿ ಎರಡು ವಾರ ಬೇರೆ ಮಾತಿರಲಿಲ್ಲ:
ಪೊನ್ನವ್ವ ಜರ್ಮನ್ ಗಾಡಿ ತಂದಳಂತೆ,
ಸೀಟು ಬಿಸಿ ಮಾಡುವುದಕ್ಕೂ ಸ್ವಿಚ್ಚಂತೆ!
ಸ್ವಿಚ್ಚು ಇತ್ತು.
ಡಿಸೆಂಬರಿನ ಸಂಜೆ ಕೊಯ್ಲಿನ ಲೆಕ್ಕ ಮುಗಿಸಿ ಕೂತರೆ
ಸೊಂಟಕ್ಕೆ ಯಾರೋ ಬೆಚ್ಚಗೆ ಕೈಯಿಟ್ಟ ಹಾಗೆ.
ಅದಕ್ಕೆ ನಾಚಿಕೊಂಡದ್ದಿಲ್ಲ.

ನನ್ನ ಗಂಡ ಈ ಹನ್ನೊಂದು ವರ್ಷದಲ್ಲಿ
ಒಮ್ಮೆಯೂ ಅದನ್ನು ಓಡಿಸಲಿಲ್ಲ.
'ನಿನ್ನ ಗಾಡಿ' ಎನ್ನುತ್ತಾರೆ,
ಅದು ಕೆಟ್ಟ ದಿನ ತುಸು ಗೆಲುವಾಗಿ,
ತಮ್ಮ ಜೀಪಿನ ಬಾನೆಟ್ಟು ತಟ್ಟುತ್ತಾ.

ನಿನ್ನೆ ಮೈಸೂರಿನಿಂದ ಹುಡುಗ ಬಂದಿದ್ದ,
ಕುತ್ತಿಗೆಗೆ ಪಟ್ಟಿ, ಕೈಯಲ್ಲಿ ಟ್ಯಾಬ್,
ಬಣ್ಣ ಎಷ್ಟು ದಪ್ಪ ಎಂದು ಅಳೆಯುವ ಪುಟ್ಟ ಯಂತ್ರ.
ಬಾಗಿಲಿಗೆ, ಬಾನೆಟ್ಟಿಗೆ ಮುಟ್ಟಿಸಿ ಮುಟ್ಟಿಸಿ
ಡಾಕ್ಟರರ ಹಾಗೆ 'ಹೂಂ' ಅಂದ.
"ಇಲ್ಲಿ ಏನಾಗಿತ್ತು ಮೇಡಂ?"
ಆನೆ. ಮಾಲ್ದಾರೆ ರಸ್ತೆಯಲ್ಲಿ.
ಇಂಜಿನ್ ಆರಿಸಿ, ದೀಪ ಆರಿಸಿ, ಉಸಿರೂ ಆರಿಸಿ ಕೂತಿದ್ದೆ.
ಹಾದುಹೋಗುವಾಗ ಪಕ್ಕೆ ಒರೆಸಿಕೊಂಡಿತು, ಅಷ್ಟೇ.
ಅವನು ಬರೆದುಕೊಂಡ:
ಬಲ ಬಾಗಿಲು, ತಗ್ಗು, ಹನ್ನೆರಡು ಸಾವಿರ.

ಡಿಕ್ಕಿ ತೆರೆದವನೇ ಮೂಗೆತ್ತಿದ.
"ಇದೇನು ವಾಸನೆ?"
ಕಾಚಂಪುಳಿ. ಆರು ವರ್ಷದ ಹಿಂದೆ
ನಾಪೋಕ್ಲಿನ ಅಕ್ಕ ಕಾಸಿ ಕೊಟ್ಟ ಬಾಟ್ಲಿ
ಬೇತ್ರಿ ತಿರುವಿನಲ್ಲಿ ಉರುಳಿ ಒಡೆದದ್ದು.
ಸೋಪು, ಸೋಡಾಪುಡಿ, ನಾಲ್ಕು ದಿನದ ಬಿಸಿಲು,
ಯಾವುದೂ ನಡೆಯಲಿಲ್ಲ.
ಬೇಸಿಗೆಯಲ್ಲಿ ಗಾಜು ಮುಚ್ಚಿ ನಿಲ್ಲಿಸಿದರೆ
ಇವತ್ತಿಗೂ ಒಳಗೆ ಹಂದಿ ಬೇಯುತ್ತಿರುವ ಅಡುಗೆಮನೆ.
ಅವನು ಬರೆದುಕೊಂಡ:
ಒಳಭಾಗ, ವಾಸನೆ, ಇಪ್ಪತ್ತು ಸಾವಿರ.

ಅಕ್ಕನಿಗೆ ಫೋನು ಮಾಡಿ ಹೇಳಿದೆ.
"ಒಂದು ಬಾಟ್ಲಿಗೆ ಅಷ್ಟಾ?
ಇನ್ನೆರಡು ಕಳಿಸಲಾ?" ಅಂದಳು.

ಕಳೆದು ಕಳೆದು ಉಳಿದದ್ದು ಎಂಟೂವರೆ ಲಕ್ಷ.
ಹೊಸದಕ್ಕೆ ತೊಂಬತ್ತು.
ಹೊಸದರಲ್ಲಿ ಸ್ಟೆಪ್ನಿ ಇಲ್ಲವಂತೆ,
ಪಂಕ್ಚರಿಗೆ ಒಂದು ಬಾಟ್ಲಿ ಅಂಟು ಕೊಡುತ್ತಾರಂತೆ.
ತಿತಿಮತಿ ಕಾಡಿನಲ್ಲಿ ರಾತ್ರಿ ಹತ್ತಕ್ಕೆ
ಬಾಟ್ಲಿ ಅಲ್ಲಾಡಿಸುತ್ತಾ ನಾನು ನಿಂತಿರುವುದನ್ನು ನೆನೆದು
ಆ ಹುಡುಗನಿಗೂ ನಗು ತಡೆಯಲಿಲ್ಲ.
ಒಳ್ಳೆಯ ಹುಡುಗ. ಕಾಫಿ ಕುಡಿದು ಹೋದ.
ಶುಕ್ರವಾರದೊಳಗೆ ಹೇಳಿ ಅಂದ.

ಇವತ್ತು ಗುರುವಾರ.
ಗೋಣಿಕೊಪ್ಪಲಿನ ಶೆಡ್ಡಿನಲ್ಲಿ ಮೊಯ್ದು ಗಾಡಿಯಡಿ ಮಲಗಿದ್ದಾನೆ,
ಹೊರಗೆ ಕಾಣುವುದು ಚಪ್ಪಲಿ ಮಾತ್ರ.
"ಗಾಳಿಚೀಲ ಹೊಸತು ಹಾಕಿದರೆ ನಾಲ್ಕು ಲಕ್ಷ, ಪೊನ್ನಕ್ಕ.
ಎಲ್ಲ ಕಿತ್ತು ಉಕ್ಕಿನ ಸ್ಪ್ರಿಂಗ್ ಕೂರಿಸಿದರೆ
ಎಂಬತ್ತು ಸಾವಿರದಲ್ಲಿ ಮುಗಿಸುತ್ತೇನೆ."
ಏನು ವ್ಯತ್ಯಾಸ?
ಚಪ್ಪಲಿ ಸ್ವಲ್ಪ ಹೊತ್ತು ಯೋಚಿಸಿತು.
"ಮೊದಲಿನ ಹಾಗೆ ತೇಲುವುದಿಲ್ಲ.
ಗುಂಡಿ ಬಂದರೆ ಗುಂಡಿ ಅಂತ ಗೊತ್ತಾಗುತ್ತದೆ.
ಆದರೆ ಬೆಳಿಗ್ಗೆ ನೋಡಿದರೆ ನಿಂತಿರುತ್ತದೆ."

ನನ್ನ ಮಂಡಿಗೂ ಮೈಸೂರಿನ ಡಾಕ್ಟರು
ಉಕ್ಕಿನ ಮಾತೇ ಆಡಿದ್ದಾರೆ.
ಅದನ್ನು ಇಲ್ಲಿಗೆ ಎಳೆಯುವುದು ಬೇಡ.
ಗಾಡಿ ಗಾಡಿ, ಮಂಡಿ ಮಂಡಿ.

ಹಾಕು, ಅಂದೆ.

ಮೊಯ್ದು ಹೊರಗೆ ಜಾರಿ ಬಂದ, ಗಡ್ಡಕ್ಕೆಲ್ಲ ಗ್ರೀಸು.
"ಒಂದು ವಿಷಯ. ಮೀಟರಿನಲ್ಲಿ ಆ ಕೆಂಪು ದೀಪ ಆರುವುದಿಲ್ಲ.
ಸ್ಪ್ರಿಂಗ್ ಹಾಕಿದ್ದು ಕಂಪ್ಯೂಟರಿಗೆ ತಿಳಿಯುವುದಿಲ್ಲ.
ಗಾಳಿ ಎಲ್ಲಿ, ಗಾಳಿ ಎಲ್ಲಿ ಅಂತ
ಇರುವಷ್ಟು ದಿನ ಕೇಳುತ್ತಲೇ ಇರುತ್ತದೆ.
ಮೇಲೆ ಕಪ್ಪು ಟೇಪು ಅಂಟಿಸಿ ಕೊಡಲಾ?"

ಬೇಡ ಮೊಯ್ದು.
ಕೇಳಲಿ.