ಪರದೆಯ ಈಚೆ

ಪೀಣ್ಯ ಎರಡನೇ ಹಂತದ ಶೆಡ್ಡಿನಲ್ಲಿ
ಇಪ್ಪತ್ತೆರಡು ವರ್ಷ ನಾನು ಪ್ಲಾಸ್ಮಾ ಹಿಡಿದವನು.
ಹನ್ನೆರಡು ಎಂಎಂ ತಗಡನ್ನು
ಹಲಸಿನ ತೊಳೆ ಬಿಡಿಸಿದ ಹಾಗೆ ಸೀಳಿ ಕೊಡುತ್ತಿದ್ದೆ.
ಎಷ್ಟು ಬಿಸಿ ಅಂತ ಯಾರಾದರೂ ಕೇಳಿದರೆ ಓನರು
ಗೇಟಿನಾಚೆ ಸೂರ್ಯನನ್ನು ತೋರಿಸುತ್ತಿದ್ದ.

ಕಾಲಿಗೆ ಕಬ್ಬಿಣದ ಚೂರು ಹೊಕ್ಕಿದ್ದು
ಕಾಲಿಗೇ ಗೊತ್ತಾಗಲಿಲ್ಲ.
ಸಕ್ಕರೆ ಬಂದು ಅಲ್ಲಿಯ ನರಗಳ ಫ್ಯೂಸು ಕಿತ್ತು
ಎಷ್ಟೋ ದಿನವಾಗಿತ್ತು.
ಕಾಲುಚೀಲ ಒಗೆಯಲು ತೆಗೆದ ಪುಟ್ಟಗೌರಿ
ಸೆರಗಿನಿಂದ ಮೂಗು ಮುಚ್ಚಿ ಕೇಳಿದಳು:
ಇದು ನಿಮ್ಮ ಕಾಲಾ?

ಹಾಗಾಗಿ ಆಸ್ಪತ್ರೆಯಲ್ಲಿ ಡಾಕ್ಟರ್ ಶಾಹೀನ್
“ಪ್ಲಾಸ್ಮಾ” ಅಂದಾಗ ಕಾಲು ಹಿಂದಕ್ಕೆಳೆದುಕೊಂಡೆ.
“ಮೇಡಂ, ಅದನ್ನ ನಾನು ಬಲ್ಲೆ.”
“ಇದು ಅದರ ತಂಗಿ,” ಅಂದಳು. “ತಣ್ಣಗಿರೋಳು.”

ಪೆನ್ನಿನಷ್ಟು ಕೊಳವೆ, ಮೂಲೆಯಲ್ಲಿ ಹೀಲಿಯಂ ಸಿಲಿಂಡರು,
ರೆಗ್ಯುಲೇಟರು ಮಾತ್ರ ನಮ್ಮ ಶೆಡ್ಡಿನದೇ ಕಂಪನಿ.
ತುದಿಯಲ್ಲಿ ನೇರಳೆಯ ಒಂದು ಎಳೆ, ಊದಿನಕಡ್ಡಿಗಿಂತ ತೆಳು.
ಮೊದಲು ತನ್ನ ಬೆರಳಿಟ್ಟಳು. ಆಮೇಲೆ ನನ್ನದು,
ಕಿಡಿ ತಿಂದು ತಿಂದು ದೋಸೆಹಂಚಾದ ಬೆರಳು.
ಇರುವೆಯೊಂದು ದಾರಿ ಕೇಳಿಕೊಂಡು ಹೋದ ಹಾಗಾಯಿತು.
ಅಷ್ಟೇ.

“ಗಾಳಿಯನ್ನ ಕೆರಳಿಸ್ತೀವಿ. ಕೆರಳಿದ ಗಾಳಿ
ನಿಮ್ಮ ಮಾಂಸ ಬಿಟ್ಟು ಕ್ರಿಮಿಗಳನ್ನ ಸಾಯಿಸುತ್ತೆ,
ಅಂತ ನಮ್ಮ ಅಂದಾಜು.”
ಅಂದಾಜು ಅನ್ನುವ ಡಾಕ್ಟರನ್ನು ಮೊದಲ ಸಲ ಕಂಡೆ.
ಸಹಿ ಹಾಕಿದೆ.

ಅರ್ಧ ಜನಕ್ಕೆ ಉರಿ, ಅರ್ಧ ಜನಕ್ಕೆ ಬರಿಯ ಗಾಳಿ.
ಯಾರಿಗೆ ಯಾವುದು, ನಮಗೆ ತಿಳಿಯಬಾರದು,
ಗಾಯ ಅಳೆಯುವ ಸಿಸ್ಟರಿಗೂ.
ಮೊಣಕಾಲಿಗೆ ಅಡ್ಡ ಹಸಿರು ಪರದೆ.

ಮೂಗಿಗೆ ಯಾರೂ ಪರದೆ ಕಟ್ಟಿರಲಿಲ್ಲ.
ಮೂರನೇ ನಿಮಿಷಕ್ಕೆ ಬಂತು ಅದು:
ಸಿಡಿಲು ಬಿದ್ದ ಬಯಲಿನ, ಜೆರಾಕ್ಸ್ ಅಂಗಡಿಯ,
ನನ್ನ ಅಂಗಿಯಲ್ಲೇ ಸಂಸಾರ ಮಾಡಿಕೊಂಡಿದ್ದ ವಾಸನೆ.

ಪಕ್ಕದ ಕುರ್ಚಿಯಲ್ಲಿ
ಲಿಂಗರಾಜಪುರದ ಟೈಲರ್ ಅಂತೋಣಪ್ಪ.
ಅವನ ಸರದಿಗೆ ಸುಯ್ಯೆನ್ನುವ ಗಾಳಿ ಮಾತ್ರ.
ಸಿರ್ರೆನ್ನುವ ಆ ಸಣ್ಣ ದನಿ ಇಲ್ಲ, ವಾಸನೆಯಿಲ್ಲ.
ಹತ್ತದ ಟಾರ್ಚನ್ನು ನಾನು
ನಿದ್ದೆಗಣ್ಣಲ್ಲೂ ಗುರುತು ಹಿಡಿಯುತ್ತೇನೆ.

ಮಂಗಳವಾರ, ಶುಕ್ರವಾರ.
ಪಾರದರ್ಶಕ ಹಾಳೆಯ ಮೇಲೆ ಗಾಯದ ಅಂಚು ಗೀಚಿ
ಒಳಗಿನ ಚೌಕ ಎಣಿಸುತ್ತಾರೆ.
ನನ್ನದು ಹದಿನೇಳು ಇದ್ದದ್ದು ಹನ್ನೊಂದಾಯಿತು.
ಅವನದು ಹದಿನಾಲ್ಕು, ಹದಿನಾಲ್ಕು, ಹದಿಮೂರೂವರೆ.
“ನಂಗೂ ಇಳೀತಿದೆ ನೋಡು” ಎಂದು ಆ ಅರ್ಧ ಚೌಕವನ್ನು
ಅಂಗಿಯ ಗುಂಡಿಯಂತೆ ಎರಡು ಬೆರಳಲ್ಲಿ ಹಿಡಿದು ತೋರಿಸಿದ.

ಕ್ಯಾಂಟೀನಿನ ಸಪ್ಪೆ ಕಾಫಿಗೆ ಕೂತಾಗ ಕೇಳಿಯೇಬಿಟ್ಟ,
“ಅಲ್ಲಿ ನಿಂಗೇನಾದ್ರೂ ವಾಸನೆ ಬರುತ್ತಾ?”
“ನೆಗಡಿ ಕಣಪ್ಪ” ಅಂದೆ.

ಹೇಳಿದರೆ ಶಾಹೀನಳ ಲೆಕ್ಕ ಕೆಡುತ್ತದೆ.
ಲೆಕ್ಕ ಸರಿಬಂದರೆ ಮುಂದೆ ಎಲ್ಲರಿಗೂ ಉರಿಯಂತೆ.
ಆ ಎಲ್ಲರು ಬರುವ ಹೊತ್ತಿಗೆ
ಅಂತೋಣಪ್ಪನ ಹೆಬ್ಬೆರಳು ಇರುತ್ತದೋ ಇಲ್ಲವೋ,
ಯಾವ ಹಾಳೆಯಲ್ಲೂ ಆ ಚೌಕ ಇಲ್ಲ.

ಈ ಶುಕ್ರವಾರ ಅವನು ಪೇಪರಿನಲ್ಲಿ ಸುತ್ತಿ
ಏನೋ ತಂದಿದ್ದ: ನನ್ನ ಪಟ್ಟಿ ಕಟ್ಟಿದ ಕಾಲಿಗೊಂದು ಗವಸು,
ಯಾರದೋ ಮದುವೆ ಕೋಟಿನ ಉಳಿದ ಅಸ್ತರಿನಲ್ಲಿ ಹೊಲಿದದ್ದು.
“ಟೇಪು ಬೇಡ ನಂಗೆ, ಅಳತೆ ಕಣ್ಣಲ್ಲೇ ತಗೊಂಡೆ” ಅಂದ.
ಸರಿಯಾಗಿ ಹಿಡಿಸಿತು.
ಆ ಕಣ್ಣಿಗೆ ಇನ್ನೇನೇನು ಅಳತೆ ಸಿಕ್ಕಿದೆಯೋ,
ಕೇಳಲಿಲ್ಲ. ಕಾಫಿಯ ದುಡ್ಡು ನಾನೇ ಕೊಟ್ಟೆ.