ಓರೆ ಎಳೆ

ಚಿತ್ತೆ ಮಳೆ ಈ ಸಲ ಹೇಳದೆ ಕೇಳದೆ ನಿಂತಿತು.
ಕಟ್ಟಿನಕೆರೆ ಮಾರ್ಕೆಟ್ಟಿಗೆ ಅವರೆಕಾಯಿ ಇನ್ನೂ ಬಂದಿಲ್ಲ,
ಬೆಳಗಿನ ಕೊಳಾಯಿ ನೀರು ಮಾತ್ರ
ಬೆರಳಿಗೆ ಸುದ್ದಿ ಮುಟ್ಟಿಸಿದೆ.

ಊರಿಗೆ ಊರೇ ಹಾಸನಾಂಬೆಯ ಸಾಲಿನಲ್ಲಿ ನಿಂತಿದೆ.
ವರ್ಷಕ್ಕೊಮ್ಮೆ ತೆರೆವ ಬಾಗಿಲು;
ಹೋದ ವರ್ಷದ ದೀಪ ಒಳಗೆ ಆರಿರುವುದಿಲ್ಲ ಎನ್ನುತ್ತಾರೆ.
ಕಚೇರಿಗೆ ರಜೆ. ಸ್ಟೂಲು ಹಾಕಿ ಹತ್ತಿ
ನಾನು ಸಜ್ಜದ ಪರದೆ ಸರಿಸಿದೆ,
ಹನ್ನೊಂದು ವರ್ಷದ ಮೇಲೆ.
ದೀಪವೇನೂ ಇರಲಿಲ್ಲ.
ಇಲಿ ಬೆತ್ತದ ತುದಿ ಕಡಿದಿತ್ತು.

ಈ ಕುರ್ಚಿ ಅಪ್ಪನದಲ್ಲ, ತಾತನದಲ್ಲ.
ತಾಲ್ಲೂಕು ಕಚೇರಿಯ ಹರಾಜಿನಲ್ಲಿ
ಅರವತ್ತು ರೂಪಾಯಿಗೆ ಕೂಗಿದ್ದು, ಸೀಟಿಲ್ಲದ್ದು.
"ಇದರಲ್ಲಿ ಗಾಳಿ ಕೂರಬೇಕು ಮೇಡಂ"
ಎಂದು ರೆಕಾರ್ಡ್ ರೂಮಿನ ಗೋಪಿನಾಥ ನಕ್ಕಿದ್ದ.
ಬೆತ್ತ ಹೆಣೆಯಲು ಬರುತ್ತಿದ್ದ ದಸ್ತಗೀರ್ ಸಾಬರು
ಊಟದ ಬಿಡುವಿನಲ್ಲಿ ಕಲಿಸಿದರು.
ಅವರಿಗೆ ಕಣ್ಣು ಕಾಣುತ್ತಿರಲಿಲ್ಲ.
"ಮೊದಲು ಉದ್ದ, ಆಮೇಲೆ ಅಡ್ಡ, ಮತ್ತೆ ಉದ್ದ, ಮತ್ತೆ ಅಡ್ಡ.
ಇಲ್ಲೀತನಕ ಯಾರು ಬೇಕಾದ್ರೂ ಬರ್ತಾರಮ್ಮಾ,
ಓರೆ ಎಳೆ ಹಾಕೋವಾಗ ಗೊತ್ತಾಗ್ತದೆ."

ನಾನು ಅಲ್ಲೀತನಕ ಬಂದಿದ್ದೆ.
ಆಮೇಲೆ ಅತ್ತೆಗೆ ಲಕ್ವ, ಮಗಳ ಎಸ್ಸೆಸ್ಸೆಲ್ಸಿ,
ಅರಸೀಕೆರೆಗೆ ವರ್ಗ, ವಾಪಸು ವರ್ಗ,
ನನಗೊಂದು ಆಪರೇಷನ್ನು.
ನಿಜ ಹೇಳಬೇಕೆಂದರೆ ಇವು ಯಾವುವೂ ಕಾರಣವಲ್ಲ.
ಒಂದು ದಿನ ಬಿಟ್ಟೆ.
ಮರುದಿನ, ಬಿಟ್ಟೆನಲ್ಲ ಎಂದು ಬಿಟ್ಟೆ.

ಕುರ್ಚಿಯ ಜೊತೆಗೇ ಇಳಿದದ್ದು
ಹಿಂದಿ ಪರೀಕ್ಷೆಯ ಗೈಡು, ಕೊನೆಯದೊಂದು ಪೇಪರು ಬಾಕಿ;
ಅದರೊಳಗೊಂದು ಇನ್‌ಲ್ಯಾಂಡ್ ಲೆಟರು:
"ಪ್ರೀತಿಯ ಜಸಿಂತಾ, ನಿನ್ನ ಕಾಗದ ತಲುಪಿ ತಿಂಗಳಾಯಿತು,
ಬೇಜಾರು ಮಾಡಿಕೊಳ್ಳಬೇಡ"
ಎಂಬಲ್ಲಿಗೆ ನಿಂತದ್ದು.

ಗೈಡನ್ನು ರದ್ದಿಗೆ ಹಾಕಿದೆ, ಕಿಲೋಗೆ ಹನ್ನೆರಡು.
ಪಕ್ಕದ ಮನೆಯ ಸಿಂಚನಾಳಿಗೆ ಕೊಡಬಹುದಿತ್ತು.
ನನ್ನ ಬಾಕಿ ಅವಳಿಗೇಕೆ.

ಹೊಸ ಬೆತ್ತ ಬಕೆಟ್ಟಿನಲ್ಲಿ ನೆನೆಯಿತು.
ಹಳೆಯ ಎಳೆಗಳಿಗೆ ಒದ್ದೆ ಬಟ್ಟೆ ಹೊದಿಸಿದೆ,
ಜ್ವರದ ಹಣೆಗೆ ಹಾಕಿದ ಹಾಗೆ.
ಹೊಸದು ಬೆಣ್ಣೆಯ ಬಣ್ಣ, ಹಳೆಯದು ಚಹಾ.
ಸೇರಿದ ಮೇಲೂ ಬೇರೆಯಾಗಿಯೇ ಕಾಣುತ್ತದೆ.
ಕಾಣಲಿ.

ಚಾಳೀಸು ಮೂಗಿನಿಂದ ಜಾರಿ ಜಾರಿ
ಒಂದು ತೂತು ಎರಡಾಗಿ, ಎರಡು ಮಂಜಾಗಿ,
ಸಾಕೆಂದು ತೆಗೆದು ಕಿಟಕಿಯ ಕಟ್ಟೆಗಿಟ್ಟೆ.
ಬೆರಳು ತಾನೇ ಹುಡುಕಿಕೊಂಡು ಹೋಯಿತು
ಮೇಲೆ, ಕೆಳಗೆ, ಮತ್ತೆ ಕೆಳಗೆ.
ಸಾಬರ ಬೆರಳು ನೆನಪಾಯಿತು, ಉಗುರಿನ ಸಂದಿಯ ಮೇಣ.
ಅವರು ಇದ್ದಾರೋ ಇಲ್ಲವೋ ತಿಳಿಯದು,
ಕಚೇರಿಯ ಕುರ್ಚಿಗಳೆಲ್ಲ ಈಗ ಪ್ಲಾಸ್ಟಿಕ್ಕಿನವು.

ಗಂಡ ಬಗ್ಗಿ ನೋಡಿ, "ರೆಡಿಮೇಡ್ ಜಾಲರಿ ಸಿಗುತ್ತಲ್ಲೇ" ಎಂದರು.
ಉತ್ತರ ಕಾಯದೆ ಚಹಾ ಇಟ್ಟು ಹೋದರು.

ದಿನಕ್ಕೆ ಒಂದು ಗೇಣು, ಒಮ್ಮೊಮ್ಮೆ ಅದೂ ಇಲ್ಲ.
ಓರೆ ಎಳೆ ಹಾದಲ್ಲೆಲ್ಲ
ಚೌಕದ ಕಣ್ಣು ಎಂಟು ಮೂಲೆಯಾಗುತ್ತ ಬಂತು.
ಎಡಗಡೆಯ ಮೂಲೆಯಲ್ಲಿ ಮಾತ್ರ
ಮೇಲೆ ಹೋಗಬೇಕಾದದ್ದು ಕೆಳಗೆ ಹೋಗಿದೆ.
ಸರಿಮಾಡಲು ಎಂಟು ಸಾಲು ಬಿಚ್ಚಬೇಕು.
ಮೂವತ್ತೆಂಟರಲ್ಲಾಗಿದ್ದರೆ ಬಿಚ್ಚುತ್ತಿದ್ದೆ,
ಬಿಚ್ಚಿ, ಹಾಗೇ ಸಜ್ಜಕ್ಕೆ ಹಾಕುತ್ತಿದ್ದೆ.

ಗುಡಿಯ ಬಾಗಿಲು ಹಾಕಿದ ದಿನ
ಬ್ಯಾರಿಕೇಡು ಲಾರಿಗೆ ತುಂಬುವ ಸದ್ದು ಸಂಜೆಯವರೆಗೂ ಕೇಳಿತು.
ಸ್ವೆಟರು ಹಾಕಿಕೊಂಡು ಕೂತೆ, ಮೊದಲು ತುದಿಯಲ್ಲಿ,
ಆಮೇಲೆ ಪೂರಾ ಭಾರ ಬಿಟ್ಟು.
ಬೆತ್ತ ಒಮ್ಮೆ ಕಿರ್ರೆಂದು ಸುಮ್ಮನಾಯಿತು.

ಇನ್‌ಲ್ಯಾಂಡಿನ ಮಡಿಕೆ ಬಿಡಿಸಿದೆ.
ಮೇಲಿನ ತಾರೀಕು ತಿದ್ದಲಿಲ್ಲ.
"ಬೇಜಾರು ಮಾಡಿಕೊಳ್ಳಬೇಡ" ಎಂಬುದರ ಮುಂದೆ
ಒಂದು ಅಲ್ಪವಿರಾಮ ಹಾಕಿ ಬರೆದೆ:
ಇಲ್ಲಿ ಈಗ ಚಳಿ ಶುರುವಾಗಿದೆ